ಮಳೆಯ ಲೆಕ್ಕ ಇದೆ, ಬರವಣಿಗೆಯ ಲೆಕ್ಕ ಇಲ್ಲ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಕಳೆದ ಜನವರಿ ಒಂದನೇ ತಾರೀಕು ಡೈರಿಯ ಮೊದಲ ಪುಟದಲ್ಲಿ ಹತ್ತು ಗುರಿ ಬರೆದಿದ್ದೆ. ಕಾದಂಬರಿ ಮುಗಿಸುವುದು, ದಿನಕ್ಕೊಂದು ಪುಟ ಬರೆಯುವುದು, ಐವತ್ತು ಪುಸ್ತಕ ಓದುವುದು, ಜಲವರ್ಣ ಕಲಿಯುವುದು, ಬೆಳಗಿನ ನಡಿಗೆ, ಹೀಗೆ. ಕಾಫಿ ಕೊಯ್ಲಿನ ಗಲಾಟೆಯಲ್ಲಿ ಎರಡನೇ ವಾರಕ್ಕೇ ಎಲ್ಲ ನಿಂತುಹೋಯಿತು. ಈಗ ತಿರುಗಿ ನೋಡಿದರೆ ವರ್ಷವಿಡೀ ಏನೂ ಮಾಡಿಲ್ಲ. ಕಲೆಗೆ ಗುರಿ ಹಾಕಬಾರದು, ಅದು ಬಂದಾಗ ಬರಬೇಕು ಅಂತಾರೆ ನಮ್ಮಣ್ಣ. ಈ ವರ್ಷ ಗುರಿ ಹಾಕಿಕೊಳ್ಳಲೋ ಬೇಡವೋ?"
ತೋಟದ ಮನೆಯ ಓದುಗಿ, ಸಕಲೇಶಪುರ ತಾಲೂಕು

ಸಂಪಾದಕರ ಉತ್ತರ:

ನಿಮ್ಮ ಅಣ್ಣನವರ ಮಾತಿನಲ್ಲಿ ಸತ್ಯವಿದೆ. ಕವಿತೆಯ ಮೊದಲ ಸಾಲು ಯಾರು ಕರೆದರೂ ಬರುವುದಿಲ್ಲ, ಅದಕ್ಕೆ ತಾರೀಕು ಗೊತ್ತುಮಾಡುವುದೂ ಆಗದ ಮಾತು. ಆದರೆ ಎರಡನೇ ಸಾಲಿನಿಂದ ಮುಂದಕ್ಕೆ ಕೂತು ಬರೆಯಬೇಕಾದವರು ನೀವು. ಕೂರುವುದಕ್ಕೆ ಹೊತ್ತು ಬೇಕು, ಆ ಹೊತ್ತು ಎಲ್ಲಿದೆ ಎಂದು ಗೊತ್ತಿರಬೇಕು. ಅಣ್ಣನವರ ಪಾಲಿಗೆ ಇಷ್ಟು ಸಾಕು. ನನಗೆ ಮಾತಾಡಬೇಕಿರುವುದು ನಿಮ್ಮ ಇನ್ನೊಂದು ವಾಕ್ಯದ ಬಗ್ಗೆ.

ವರ್ಷವಿಡೀ ಏನೂ ಮಾಡಿಲ್ಲ ಎಂದು ಬರೆದಿದ್ದೀರಿ. ಯಾವ ಪುಸ್ತಕ ನೋಡಿ ಬರೆದಿರಿ?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಗ್ಗೆ ಮಾಪಕದ ನೀರು ಅಳೆದು, ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟು ಎಂದು ಬರೆದಿಡುತ್ತಾರೆ. ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಯಾವ ವರ್ಷ ಕಾಫಿ ಅರಳಿಸುವ ಹೂಮಳೆ ತಡವಾಯಿತು, ಯಾವ ಜುಲೈಯಲ್ಲಿ ನೂರು ಇಂಚು ದಾಟಿತು, ಕೇಳಿದರೆ ಪುಸ್ತಕ ತೆಗೆದು ತೋರಿಸುತ್ತಾರೆ. ಆಳುಗಳ ಹಾಜರಿಗೆ ಚೆಕ್‌ರೋಲ್ ಇದೆ. ಗೊಬ್ಬರಕ್ಕೆ, ಮೂಟೆಗೆ, ಡೀಸೆಲ್‌ಗೆ ಚೀಟಿ ಇದೆ. ಅದೇ ಮನೆಯವರು ಬರೆಯಲು ಎಷ್ಟು ದಿನ ಕೂತರು ಎಂಬುದಕ್ಕೆ ಒಂದು ಗೆರೆಯೂ ಇಲ್ಲ. ಬಿದ್ದ ಮಳೆಯನ್ನು ಸೆಂಟಿನ ಲೆಕ್ಕದಲ್ಲಿ ಅಳೆಯುವವರು ತಮ್ಮ ವರ್ಷವನ್ನು ಮಾತ್ರ ನೆನಪಿನಿಂದ ಅಳೆಯುತ್ತಾರೆ.

ನೆನಪನ್ನು ನಂಬಬೇಡಿ. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು, ಆದರೆ ಕೊನೆಯಲ್ಲಿ ನೀರು ಒಂದು ಡಿಗ್ರಿ ಬೆಚ್ಚಗಾಗುತ್ತದೆ. ಮತ್ತೆ ಯಾವುದನ್ನು ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿಕೊಂಡರು. ಎಷ್ಟು ಹೊತ್ತು ನೋವಾಯಿತು ಎಂಬುದನ್ನು ನೆನಪು ಇಟ್ಟುಕೊಳ್ಳಲೇ ಇಲ್ಲ, ಕೊನೆ ಹೇಗಿತ್ತು ಎಂಬುದನ್ನು ಇಟ್ಟುಕೊಂಡಿತು. ನಮ್ಮ ಕಡೆ ವರ್ಷದ ಕೊನೆ ಎಂದರೆ ಡಿಸೆಂಬರ್. ಅರೇಬಿಕಾ ಹಣ್ಣಾಗಿ ನಿಂತಿರುತ್ತದೆ, ಆಳು ಸಾಲದು, ಮೋಡ ಕವಿದರೆ ಕಣದ ಕಾಫಿಯದೇ ಚಿಂತೆ. ಆ ತಿಂಗಳಲ್ಲಿ ನಿಂತು ಹಿಂದಕ್ಕೆ ನೋಡಿದವರಿಗೆ ಜುಲೈಯಲ್ಲಿ ಬರೆದ ನಲವತ್ತು ಪುಟ ಕಾಣುವುದಿಲ್ಲ. ಕುವೆಂಪು ಆತ್ಮಕಥೆ ಬರೆಯುವಾಗ ನೆನಪೊಂದನ್ನೇ ನೆಚ್ಚಿಕೊಳ್ಳದೆ ಹಳೆಯ ದಿನಚರಿಯ ಪುಟಗಳನ್ನು ಎತ್ತಿಕೊಟ್ಟರು. ಅಂಥ ನೆನಪಿನ ಶಕ್ತಿ ಇದ್ದವರಿಗೇ ದಿನಚರಿ ಬೇಕಾಯಿತು.

ಆದ್ದರಿಂದ ಗುರಿಯ ಮಾತು ಆಮೇಲೆ. ಮೊದಲು ಕಳೆದ ವರ್ಷವನ್ನು ಕಾಗದದ ಮೇಲೆ ತನ್ನಿ. ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಸಾಕು. ತಿಂಗಳಿಗೆ ಎದುರುಬದುರು ಎರಡು ಪುಟ, ಒಟ್ಟು ಇಪ್ಪತ್ತನಾಲ್ಕು. ಎಡಗಡೆ ಆ ತಿಂಗಳು ನಡೆದದ್ದು. ಅದಕ್ಕೆ ತಲೆ ಕೆರೆದುಕೊಳ್ಳಬೇಡಿ, ಸಾಕ್ಷಿಗಳನ್ನು ಮುಂದಿಟ್ಟುಕೊಳ್ಳಿ: ಫೋನಿನಲ್ಲಿರುವ ಫೋಟೋಗಳು ತಾರೀಕಿನ ಸಮೇತ ಸಿಗುತ್ತವೆ, ಬ್ಯಾಂಕ್ ಪಾಸ್‌ಬುಕ್, ಚೆಕ್‌ರೋಲ್, ಮಳೆ ಪುಸ್ತಕ, ಮದುವೆ ಕಾಗದಗಳು, ಪತ್ರಿಕೆಗೆ ಕಳಿಸಿದ ಅಂಚೆ ರಸೀದಿ, ಅರ್ಧಕ್ಕೆ ಬಿಟ್ಟ ಹಾಳೆಗಳು. ಬಲಗಡೆ ನಾಲ್ಕೇ ವಿಷಯ: ಮುಗಿದದ್ದು, ನಿಂತದ್ದು, ನಿಂತ ಕಾರಣ, ಹಿಡಿದ ಹೊತ್ತು. ಎರಡು ಸಂಜೆ, ಒಂದೊಂದು ಸಂಜೆ ಎರಡು ಗಂಟೆ ಕೂತರೆ ಇದು ಮುಗಿಯುತ್ತದೆ.

ಎಲ್ಲರೂ ಎಡವುವುದು ಮೂರನೆಯ ಕಲಮಿನಲ್ಲಿ. ನಿಂತ ಕಾರಣ ಎಂಬಲ್ಲಿ ಸೋಮಾರಿತನ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅದು ಬೈಗುಳವಾಯಿತು, ಕಾರಣವಾಗಲಿಲ್ಲ. ಕಾರಣ ಎಂದರೆ ಹೀಗಿರಬೇಕು: ಜನವರಿ ಎರಡನೇ ವಾರ, ರೊಬಸ್ಟಾ ಕೊಯ್ಲು ಶುರು, ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಒಳಗೆ ಬರುವಾಗ ರಾತ್ರಿ ಎಂಟು, ಬರೆಯಲು ಇಟ್ಟುಕೊಂಡಿದ್ದ ಹೊತ್ತು ಏಳೂವರೆ. ಹೀಗೆ ಬರೆದರೆ ಪರಿಹಾರ ಪಕ್ಕದಲ್ಲೇ ಕಾಣುತ್ತದೆ. ಸೋಮಾರಿತನ ಎಂದು ಬರೆದರೆ ಮುಂದಿನ ವರ್ಷವೂ ಅದೇ ಏಳೂವರೆಗೆ ಅದೇ ಗುರಿ ಹಾಕುತ್ತೀರಿ.

ಪುಸ್ತಕ ತುಂಬಿಸಿದ ರಾತ್ರಿಯೇ ಗುರಿ ಬರೆಯಬೇಡಿ, ಒಂದು ವಾರ ಬಿಡಿ. ಹಳಹಳಿ ಹಸಿಯಾಗಿರುವಾಗ ಹಾಕಿದ ಗುರಿ ಯಾವಾಗಲೂ ಅಳತೆ ಮೀರುತ್ತದೆ. ಕೆನಡಾದ ಮೂವರು ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು, ಹಿಡಿದದ್ದು 55 ದಿನ. ಆದರೆ ಅವರದೇ ಇನ್ನೊಂದು ಪ್ರಯೋಗದಲ್ಲಿ, ಹಿಂದಿನ ಕೆಲಸಗಳಿಗೆ ಎಷ್ಟು ದಿನವಾಗಿತ್ತು ಎಂದು ನೆನೆದು, ಅದನ್ನು ಈಗಿನ ಕೆಲಸಕ್ಕೆ ತಾಳೆ ಹಾಕಿ ಹೇಳಿ ಎಂದು ಕೇಳಿಸಿಕೊಂಡವರ ಅಂದಾಜು ನಿಜಕ್ಕೆ ಹತ್ತಿರ ಬಂತು. ನಾನು ಹೇಳುತ್ತಿರುವುದೂ ಇಷ್ಟನ್ನೇ.

ಈಗ ನಿಮ್ಮ ಜನವರಿ ಒಂದು. ಹೊಸ ವರ್ಷ, ಹುಟ್ಟುಹಬ್ಬದಂಥ ದಿನಗಳಲ್ಲಿ ಹೊಸ ಕೆಲಸಕ್ಕೆ ಕೈಹಾಕುವ ಹುರುಪು ಹೆಚ್ಚುತ್ತದೆ ಎಂಬುದು ನಿಜವೇ. ಆದರೆ ಹುರುಪು ಹುಟ್ಟಿದ ದಿನವೇ ಕೈ ಬಿಡುವಿಲ್ಲದಿದ್ದರೆ ಏನು ಪ್ರಯೋಜನ? ಬೆಟ್ಟದ ಕಡೆಯವರಿಗೆ ಜನವರಿ ಕೊಯ್ಲಿನ ಗುದ್ದಾಟದ ನಡುವಿನ ತಿಂಗಳು. ನಿಮ್ಮದೇ ಹಾಸನ ಜಿಲ್ಲೆಯ ಅರಸೀಕೆರೆಯವರಿಗೆ, ಆ ಕಡೆ ಕಡೂರಿನವರಿಗೆ, ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ಕೈ ಖಾಲಿ. ಮುಂಗಾರಿಗೆ ಆಲೂಗೆಡ್ಡೆ ಹಾಕುವ ಹಾಸನದ ಸುತ್ತಿನವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಅಂಗಮಾರಿ ರೋಗದ ಭಯ. ನಿಮಗೆ ಅದೇ ತಿಂಗಳುಗಳಲ್ಲಿ ಜಡಿಮಳೆ ಹಿಡಿದು ಮನೆಯೊಳಗೇ ಕೂರುವ ಕಾಲ. ಒಂದೇ ಜಿಲ್ಲೆಯಲ್ಲಿ ಮೂರು ಬಗೆಯ ವರ್ಷಗಳಿರುವಾಗ ಎಲ್ಲರೂ ಒಂದೇ ತಾರೀಕಿಗೆ ಸಂಕಲ್ಪ ಮಾಡುವುದು ತಪ್ಪು. ನಿಮ್ಮ ವರ್ಷವನ್ನು ಯುಗಾದಿಯಿಂದ ಎಣಿಸಿ.

ಎಣಿಸುವುದೂ ಹೀಗೆ. ವರ್ಷಕ್ಕೆ 52 ವಾರ. ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ಕೊಯ್ಲಿಗೆ 14 ವಾರ ತೆಗೆಯಿರಿ. ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಿಂದೆ ಓಡಾಡುವುದಕ್ಕೆ 2. ಏಪ್ರಿಲ್, ಮೇ ಮದುವೆ ಜಾತ್ರೆಗಳಿಗೆ 4. ಗೌರಿ ಗಣೇಶ, ದಸರಾ, ದೀಪಾವಳಿಗೆ 3. ಜ್ವರ, ನೆಂಟರು, ಆಸ್ಪತ್ರೆಗೆ 3. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಪ್ರತಿವರ್ಷ ತಪ್ಪದೆ ಬರುತ್ತದೆ. ಉಳಿದದ್ದು 26 ವಾರ. ವಾರಕ್ಕೆ ನಾಲ್ಕು ಸಲ, ಒಂದೊಂದು ಗಂಟೆ ಕೂತರೆ 104 ಗಂಟೆ. ಗಂಟೆಗೆ 300 ಪದದಂತೆ ಹಿಡಿದರೂ ವರ್ಷಕ್ಕೆ 31,200. ತಿದ್ದುವುದಕ್ಕೆ ಮೂರನೇ ಒಂದು ಪಾಲು ಹೊತ್ತು ಬೇಕು. ಅದನ್ನು ಬಿಟ್ಟರೆ ಹೊಸದಾಗಿ ಬರೆಯಲು ಸಿಗುವುದು 70 ಗಂಟೆ, 21,000 ಪದ. 60,000 ಪದದ ಕಾದಂಬರಿ ಇದರಲ್ಲಿ ಹಿಡಿಸುವುದಿಲ್ಲ. ಅದು ಮೂರು ವರ್ಷದ ಕೆಲಸ. 3,500 ಪದದ ಆರು ಕತೆಗಳು ಹಿಡಿಸುತ್ತವೆ. ಈ ವರ್ಷ ಆರು ಕತೆ ಎಂದು ಬರೆಯಿರಿ. ನಿಮ್ಮಲ್ಲಿ ಶಕ್ತಿ ಕಡಿಮೆಯೆಂದು ನಾನು ಹೇಳುತ್ತಿಲ್ಲ ತಾಯಿ. ಕಳೆದ ವರ್ಷ ನಿಮ್ಮನ್ನು ಸೋಲಿಸಿದ್ದು ಭಾಗಾಕಾರ.

ಕತೆ ಯಾವುದೋ ಪತ್ರಿಕೆಯಲ್ಲಿ ಬರಬೇಕು, ಬಹುಮಾನ ಬರಬೇಕು ಎಂಬುದನ್ನು ಗುರಿಯೆಂದು ಬರೆಯಬೇಡಿ. ಅದು ನಮ್ಮಂಥ ಸಂಪಾದಕರ, ತೀರ್ಪುಗಾರರ ಕೈಯಲ್ಲಿರುವುದು. ಕೂತ ಗಂಟೆ, ಮುಗಿದ ಕತೆ ನಿಮ್ಮ ಕೈಯಲ್ಲಿರುವುದು. ದಿನಕ್ಕೊಂದು ಪುಟ ಎಂಬ ನೇಮವನ್ನೂ ಬಿಡಿ. ಒಂದು ದಿನ ತಪ್ಪಿದರೆ ನೇಮವೇ ಮುರಿಯಿತು ಎಂದು ಮನಸ್ಸು ಕೈಚೆಲ್ಲುತ್ತದೆ. ವಾರಕ್ಕೆ ನಾಲ್ಕು ಎಂದರೆ ಸೋಮವಾರ ತಪ್ಪಿದ್ದನ್ನು ಗುರುವಾರ ತುಂಬಿಕೊಳ್ಳಬಹುದು. ಆಂಥೊನಿ ಟ್ರೊಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬೆಳಗ್ಗೆ ಐದೂವರೆಗೆ ಕೂರುತ್ತಿದ್ದ, ಗಡಿಯಾರ ಎದುರಿಗಿಟ್ಟು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಅವನ ವೇಗ ನಮಗೆ ಬೇಡ. ಅವನು ಪುಟಗಳನ್ನು ವಾರದ ಲೆಕ್ಕದಲ್ಲಿ ಇಟ್ಟ ಎಂಬುದನ್ನು ಗಮನಿಸಿ: ಸಾಮಾನ್ಯವಾಗಿ ವಾರಕ್ಕೆ ನಲವತ್ತು ಪುಟ, ಕೆಲವು ವಾರ ಇಪ್ಪತ್ತಕ್ಕೆ ಇಳಿದದ್ದೂ ಉಂಟು, ಒಮ್ಮೆ ನೂರು ದಾಟಿದ್ದೂ ಉಂಟು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿ ವಾರಕ್ಕೆ ಒಂದನ್ನೇ ಹಿಡಿದ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹತ್ತು ಗುರಿಗಳನ್ನು ಒಟ್ಟಿಗೆ ಹೊರಲು ಹೋದವರು ಇದನ್ನು ಯೋಚಿಸಬೇಕು.

ಎಲ್ಲಿ, ಯಾವಾಗ ಎಂಬುದನ್ನೂ ಬರೆದಿಡಿ. ಜರ್ಮನಿಯ ಮನೋವಿಜ್ಞಾನಿಗಳಾದ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲೇ ಒಂದು ವರದಿ ಬರೆಯಲು ಹೇಳಿದ್ದರು. ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಮುಗಿಸಿದರು, ಉಳಿದವರಲ್ಲಿ ಮೂರರಲ್ಲಿ ಒಬ್ಬರು. ನಿಮ್ಮ ಊರಿಗೆ ಹೊಂದಿಸಿ ಹೇಳುವುದಾದರೆ: ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಆದ್ದರಿಂದ ಮೊದಲ ಕರಡು ಕೈಬರಹದಲ್ಲೇ ಇರಲಿ. ಕಾಗದ ಥಂಡಿ ಹಿಡಿದಿರುತ್ತದೆ, ಇಂಕ್ ಪೆನ್ನು ಹರಡುತ್ತದೆ, ಬಾಲ್‌ಪೆನ್ ಅಥವಾ ಪೆನ್ಸಿಲ್ ಒಳ್ಳೆಯದು. ಬರೆದದ್ದನ್ನು ಬಿಗಿ ಮುಚ್ಚಳದ ಟಿನ್ ಡಬ್ಬಿಯಲ್ಲಿಡಿ, ಇಲ್ಲವಾದರೆ ಆಗಸ್ಟ್ ಹೊತ್ತಿಗೆ ಬೂಷ್ಟು. ಏಳುವ ಮುಂಚೆ ಮುಂದಿನ ವಾಕ್ಯದ ಅರ್ಧ ಬರೆದಿಟ್ಟು ಏಳಿ. ನಾಲ್ಕು ದಿನ ಬಿಟ್ಟು ಬಂದರೂ ಎಳೆ ಕೈಗೆ ಸಿಗುತ್ತದೆ. ಜಲವರ್ಣವನ್ನು ಈ ಪಟ್ಟಿಯಿಂದ ತೆಗೆಯಿರಿ. ಜಡಿಮಳೆಯಲ್ಲಿ ಬಣ್ಣ ಒಣಗದೆ ಒಂದರೊಳಗೊಂದು ಸೇರಿ ಕೊಚ್ಚೆಯಾಗುತ್ತದೆ, ಹೊಸಬರಿಗೆ ಬೇಸರ ಬರುವುದೇ ಅಲ್ಲಿ. ಕೊಯ್ಲು ಮುಗಿದ ಮಾರ್ಚ್‌ನ ಒಣ ಹವೆಯಲ್ಲಿ ಶುರುಮಾಡಿ.

ಇನ್ನು ನಿಮ್ಮ ತಪ್ಪಲ್ಲದ ಒಂದು ವಿಷಯ. ನಮ್ಮ ಕಡೆ ಬರೆಯುವವರ ಭಾನುವಾರಗಳನ್ನು ಸಭೆಗಳು ತಿಂದುಹಾಕುತ್ತಿವೆ. ಸಕಲೇಶಪುರದಿಂದ ಹಾಸನಕ್ಕೆ ಬಸ್ಸು ಹಿಡಿದು, ಹತ್ತಕ್ಕೆಂದ ಕಾರ್ಯಕ್ರಮ ಹನ್ನೆರಡಕ್ಕೆ ಶುರುವಾಗಿ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ ಎಲ್ಲ ಮುಗಿದ ಮೇಲೆ ನಾಲ್ಕು ನಿಮಿಷದ ಕವಿತೆ ಓದಿ ಮನೆ ಸೇರುವಾಗ ಕತ್ತಲು. ಆ ಒಂದು ಭಾನುವಾರದಲ್ಲಿ ನಾಲ್ಕು ಗಂಟೆ ಬರೆಯಬಹುದಿತ್ತು. ಒಂದು ಕತೆಗೆ ತಿದ್ದುವುದೂ ಸೇರಿ ಸುಮಾರು 17 ಗಂಟೆ ಎಂದಾದರೆ ನಾಲ್ಕು ಕವಿಗೋಷ್ಠಿಗೆ ಹತ್ತಿರಹತ್ತಿರ ಒಂದು ಕತೆ ಹೋಯಿತು. ವರ್ಷದ ಕೊನೆಗೆ ಎಷ್ಟು ಸನ್ಮಾನ, ಎಷ್ಟು ಬಿಡುಗಡೆ ಎಂದು ಫೋಟೋ ಸಮೇತ ಪಟ್ಟಿ ಹಾಕುವ ಎಳೆಯರನ್ನು ನೋಡಿದರೆ ಸಂಕಟವಾಗುತ್ತದೆ. ಅವರಲ್ಲಿ ಪ್ರತಿಭೆ ಇದೆ, ಅದನ್ನು ವೇದಿಕೆಗಳಿಗೆ ಹಂಚಿಬಿಟ್ಟಿದ್ದೇವೆ. ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದು ತಾವು ಮಾಡಿದ ವಿಗ್ರಹದ ಪೀಠದಲ್ಲಿ. ಹೆಸರು ಬೇಡವೆಂದು ಯಾರೂ ಹೇಳುತ್ತಿಲ್ಲ, ಅದರ ಮೇಲೆ ಒಂದು ವಿಗ್ರಹ ಇರಲಿ. ಸಂಘಟಕರು ವರ್ಷಕ್ಕೆ ಎರಡು ಗೋಷ್ಠಿ ಕಡಿಮೆ ಮಾಡಿ, ಆ ಹಣದಲ್ಲಿ ಹೋಬಳಿಯ ಗ್ರಂಥಾಲಯಕ್ಕೆ ಒಂದು ಮೇಜು, ಒಂದು ಒಳ್ಳೆಯ ದೀಪ ಕೊಡಿಸಲಿ. ಬರೆಯುವ ಹೆಂಗಸರಿಗೆ ಮನೆಗೆಲಸದಿಂದ ಒಂದು ಗಂಟೆ ಆಚೆ ಕೂರುವ ಜಾಗವಾಗುತ್ತದೆ. ಅಣ್ಣನವರಿಗೂ ಒಂದು ಮಾತು: ಕಲೆ ಬಂದಾಗ ಬರಲಿ ಎನ್ನುವವರು ಅದು ಬಂದ ಹೊತ್ತಿಗೆ ತಂಗಿ ಅಡುಗೆಮನೆಯಲ್ಲಿ ಇರದಂತೆಯೂ ನೋಡಿಕೊಳ್ಳಬೇಕು. ವಾರಕ್ಕೆ ನಾಲ್ಕು ಗಂಟೆ ಕಣದ ಉಸ್ತುವಾರಿಯನ್ನೋ ಮಕ್ಕಳ ಪಾಠವನ್ನೋ ಅವರು ವಹಿಸಿಕೊಂಡರೆ ನನ್ನ ಈ ಲೆಕ್ಕವೆಲ್ಲ ಸಲೀಸು.

ಕೂತ ಗಂಟೆಗಳನ್ನು ಮಳೆ ಪುಸ್ತಕದ ಅಂಚಿನಲ್ಲೇ ಗೀಟು ಹಾಕಿ ಗುರುತಿಡಿ, ಅದಕ್ಕೆಂದು ಬೇರೆ ಪುಸ್ತಕ ಬೇಡ. ಆಷಾಢದ ಕೊನೆಗೊಮ್ಮೆ, ದಸರಾಕ್ಕೊಮ್ಮೆ ಕೂಡಿ ನೋಡಿ. ದಸರಾ ಹೊತ್ತಿಗೆ 80ರ ಆಸುಪಾಸು ಇದ್ದರೆ ಆರು ಕತೆಗೆ ದಾರಿ ಸರಿಯಿದೆ. 60ಕ್ಕಿಂತ ಕೆಳಗಿದ್ದರೆ ರಾತ್ರಿ ನಿದ್ದೆಗೆಟ್ಟು ತುಂಬಿಸಲು ಹೋಗಬೇಡಿ, ಆರನ್ನು ನಾಲ್ಕಕ್ಕೆ ಇಳಿಸಿ, ಉಳಿದ ವಾರಗಳನ್ನು ಆ ನಾಲ್ಕನ್ನು ತಿದ್ದುವುದಕ್ಕೆ ಇಡಿ. ಕೊಯ್ಲು ಶುರುವಾದ ಮೇಲೆ ಹೊಸ ಕತೆಗೆ ಕೈ ಹಾಕಬೇಡಿ. ಆ ಹದಿನಾಲ್ಕು ವಾರ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲ್ ಇದ್ದರೆ ಸಾಕು; ಕಣದಲ್ಲಿ ಕೇಳಿದ ಮಾತುಗಳನ್ನು ಬರೆದಿಡಿ. ಮೊದಲ ಕತೆ ಮುಗಿದಾಗ ನಮಗೆ ಕಳಿಸಿ, ಜೊತೆಗೆ ಅದಕ್ಕೆ ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಬರೆಯಿರಿ.