ಕಾರವಾರದ ‘ಚಪಲ್’ ನೋಡಲು ಹೋಗಿ, ಆದರೆ ಅದಕ್ಕೂ ಮೊದಲು ನರೇಂದ್ರಕ್ಕೆ ಹೋಗಿ

ನಿಮ್ಮ ಪ್ರಶ್ನೆ ಓದಿದೆ. ಧಾರವಾಡದಲ್ಲಿ ಇದ್ದೀರಿ, ಆರನೇ ಕ್ಲಾಸಿನ ಮಗನಿಗೆ ಕಾರವಾರದ ಯುದ್ಧನೌಕೆ ಮ್ಯೂಸಿಯಂ ತೋರಿಸಬೇಕು ಅಂತಿದ್ದೀರಿ. ಹೋಗಿ ಬರಲು ಒಂದು ದಿನ ಪೂರ್ತಿ ಬೇಕು, ಅಷ್ಟು ದೂರ ಹೋಗುವಂಥದ್ದು ಅಲ್ಲಿ ಏನಿದೆ ಅಂತ ಕೇಳಿದ್ದೀರಿ.

ಹೋಗಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಗೆಳೆಯರ ಜೊತೆ. ಇಪ್ಪತ್ತು ನಿಮಿಷದಲ್ಲಿ ಹತ್ತಿ ಇಳಿದು, ಫೋಟೊ ತೆಗೆದುಕೊಂಡು ಬೀಚಿಗೆ ಹೋದೆವು. ಎರಡನೇ ಸಲ ಅಪ್ಪ ಮತ್ತು ಮಗಳ ಜೊತೆ ಹೋದೆ. ಆವತ್ತು ಎರಡು ತಾಸು ಕಳೆದರೂ ಮಗಳು ಹಡಗಿನಿಂದ ಇಳಿಯಲು ತಯಾರಿರಲಿಲ್ಲ. ನಡುವೆ ಹಡಗೇನೂ ಬದಲಾಗಿರಲಿಲ್ಲ. ಎರಡನೇ ಸಲ ಕಥೆ ಗೊತ್ತಿತ್ತು, ಅಷ್ಟೇ.

ಮೊದಲು ಹಡಗಿನ ವಿಷಯ ಹೇಳುತ್ತೇನೆ. ಐಎನ್‌ಎಸ್ ಚಪಲ್ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ದಡದ ಮೇಲೆ ನಿಂತಿದೆ. ಇದು ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಉದ್ದ ಸುಮಾರು 39 ಮೀಟರ್. ಮೂರು ಡೀಸೆಲ್ ಎಂಜಿನ್, ಗಂಟೆಗೆ 65 ಕಿಲೋಮೀಟರ್‌ಗೂ ಜಾಸ್ತಿ ವೇಗ. ಚಪಲ್ ಅಂದರೆ ಚುರುಕು, ಒಂದು ಕಡೆ ನಿಲ್ಲದ್ದು. ಹೆಸರು ಸರಿಯಾಗೇ ಇಟ್ಟಿದ್ದಾರೆ.

ಹೊರಗಿನಿಂದ ನೋಡಿದಾಗ ಎರಡೂ ಬದಿಗೆ ಸೇರಿ ದೊಡ್ಡ ಕೊಳವೆಯಂಥ ನಾಲ್ಕು ಗೂಡುಗಳು ಕಾಣುತ್ತವೆ. ಕ್ಷಿಪಣಿ ಇರುತ್ತಿದ್ದದ್ದು ಅವುಗಳಲ್ಲೇ. ಒಂದೊಂದು ಕ್ಷಿಪಣಿಯ ತೂಕ ಸುಮಾರು ಎರಡೂವರೆ ಟನ್. ನಮ್ಮಪ್ಪ ಗದಗಿನಲ್ಲಿ ಹತ್ತಿ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ತೂಕ ಕೇಳಿದ ಕೂಡಲೇ ‘ಅಂದ್ರ 14 ಬೇಲ್ ಅರಳಿ ತೂಕ ಆತು’ ಅಂದರು. ಮಗಳಿಗೆ ಆಗ ಅದರ ಭಾರ ಗೊತ್ತಾಯಿತು. ಅಂಗಡಿಯಲ್ಲಿ ಒಂದು ಬೇಲ್ ಉರುಳಿಸಲು ಇಬ್ಬರು ಹಮಾಲರು ಹೆಗಲು ಕೊಡುವುದನ್ನು ಅವಳು ನೋಡಿದ್ದಾಳೆ.

ಒಳಗೆ ಹೋದ ಮೇಲೆ ಮಗನಿಗೆ ಸುಮ್ನೆ ಓಡಲು ಬಿಡಬೇಡಿ. ಬಾಗಿಲುಗಳನ್ನು ತೋರಿಸಿ. ಹೊಸ್ತಿಲು ಮೊಣಕಾಲಿನ ಹತ್ತಿರದವರೆಗೆ ಇರುತ್ತದೆ. ಒಂದು ಕೋಣೆಗೆ ನೀರು ನುಗ್ಗಿದರೆ ಪಕ್ಕದ್ದಕ್ಕೆ ಹರಿಯಬಾರದು, ಅದಕ್ಕೆ. ಎಲ್ಲ ಕಡೆ ತಲೆ ಬಗ್ಗಿಸಿಯೇ ದಾಟಬೇಕು. ಸಿಬ್ಬಂದಿಯ ಜಾಗಗಳಲ್ಲಿ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ನಮ್ಮ ಮನೆಯ ದೇವರ ಕೋಣೆಯಷ್ಟು ಜಾಗ, ಅದರಲ್ಲೇ ಮೇಜು, ಹಾಸಿಗೆ, ಪೈಪು, ವೈರು. ಅಪ್ಪ ಒಂದು ಕಡೆ ನಿಂತು ಗೋಡೆಗೆ ಕೈ ಇಟ್ಟು, ‘ಇದರಾಗ ಮೂವತ್ತು ಮಂದಿ ಹೆಂಗ ಇದ್ರಪಾ? ಮ್ಯಾಲ ಬಿಸಿಲು, ಕೆಳಗ ಎಂಜಿನ್ನು’ ಅಂದರು. ಆಮೇಲೆ ಸ್ವಲ್ಪ ಹೊತ್ತು ನಾವು ಮೂವರೂ ಮಾತಾಡಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದೇ ಹಡಗು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿತು ಅಂತ ಬಹಳ ಜನ ಹೇಳುತ್ತಾರೆ. ಅದು ನಿಜವಲ್ಲ. ಐದು ವರ್ಷ ಆದ ಮೇಲೆ ಸೇರಿದ ಹಡಗು ಆ ಯುದ್ಧದಲ್ಲಿ ಇರಲು ಹೇಗೆ ಸಾಧ್ಯ? 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ಮನೆತನದ್ದು, ಆ ಹಡಗುಗಳ ತಂಗಿ ಅನ್ನಬಹುದು. ಆ ದಾಳಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಮಗನಿಗೆ ಸರಿಯಾದದ್ದನ್ನೇ ಹೇಳಿ. ಇಷ್ಟು ಸಣ್ಣ ದೋಣಿಗಳು ಅಷ್ಟು ದೂರ ಹೋಗಿ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿ ಬಂದವು ಅನ್ನುವುದು ಅವನಿಗೆ ಚಪಲ್ ಒಳಗೆ ನಿಂತಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಪಕ್ಕದಲ್ಲೇ ಈಗ ಟುಪೊಲೆವ್ ವಿಮಾನವೂ ಇದೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗ ಮಾಡಿ ಲಾರಿಗಳಲ್ಲಿ ತಂದು ಜೋಡಿಸಿದ್ದು. 1988ರಿಂದ 2017ರವರೆಗೆ ಈ ವಿಮಾನಗಳು ಸಮುದ್ರದ ಮೇಲೆ ಜಲಾಂತರ್ಗಾಮಿ ಹುಡುಕುತ್ತಿದ್ದವು. ಒಂದೊಂದು ಎಂಜಿನ್‌ಗೆ ಎರಡೆರಡು ಪಂಕ, ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಅದನ್ನು ಗಮನಿಸಿ ನೋಡಿ.

ಈಗ ನರೇಂದ್ರದ ಮಾತು. ಕಾರವಾರದ ಪ್ರಶ್ನೆಗೆ ನರೇಂದ್ರ ಯಾಕೆ ಅನ್ನಿಸಬಹುದು. ನೀವು ಧಾರವಾಡದವರು ಅಂದಿದ್ದಕ್ಕೇ ಹೇಳುತ್ತಿದ್ದೇನೆ. ಬೆಳಗಾವಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಒಳಗೇ ಇರುವ ಊರು ಅದು. ಶಾಸನಗಳ ಕಾಲದಲ್ಲಿ ಅದರ ಹೆಸರು ಕುಂದೂರು. ಅಲ್ಲಿನ ಶಂಕರಲಿಂಗ ದೇವಸ್ಥಾನದ 1125ರ ಶಾಸನ ಗೋವೆಯ ಕದಂಬರದ್ದು. ಆಗ ಈ ಸೀಮೆ ಆಳುತ್ತಿದ್ದವನು ಇಮ್ಮಡಿ ಜಯಕೇಶಿ. ಅವನ ಹೆಂಡತಿ ಮೈಲಲದೇವಿ, ಚಾಲುಕ್ಯ ವಿಕ್ರಮಾದಿತ್ಯನ ಮಗಳು. ಶಾಸನ ಜಯಕೇಶಿಯ ಮುತ್ತಜ್ಜ ಚಟ್ಟಯ್ಯನನ್ನು ಹೊಗಳುತ್ತದೆ. ಅವನು ಕವಡಿ ದ್ವೀಪ ಗೆದ್ದನಂತೆ. ಲಂಕೆಯವರೆಗೆ ಹಡಗುಗಳ ಸಾಲನ್ನೇ ನಿಲ್ಲಿಸಿ ಸಮುದ್ರಕ್ಕೆ ಸೇತುವೆ ಕಟ್ಟಿದನಂತೆ. ಹೊಗಳಿಕೆ ಜಾಸ್ತಿ ಇದೆ, ಇರಲಿ. ಜೋಳ, ಹತ್ತಿ ಬೆಳೆಯುವ ಊರಿನ ದೇವಸ್ಥಾನದಲ್ಲಿ ಒಂಬೈನೂರು ವರ್ಷದ ಹಿಂದೆ ಹಡಗಿನ ಸಾಲಿನ ಬಗ್ಗೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಅಲ್ವಾ? ನನಗೆ ಪರಿಚಯದ ಒಬ್ಬ ಕನ್ನಡ ಮಾಸ್ತರು ಇದನ್ನು ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹಡಗು ಅನ್ನುವ ಪದ ಹಳಗನ್ನಡದಲ್ಲಿ ಪಡಗು ಅಂತ ಇತ್ತು, ಪಾಲು ಹಾಲಾದ ಹಾಗೆ ಪಡಗು ಹಡಗಾಯಿತು ಅಂತಲೂ ಅವರೇ ಹೇಳಿಕೊಟ್ಟರು. ಚಪಲ್ ಹತ್ತುವಾಗ ಮಗಳು ಒಂದೊಂದು ಮೆಟ್ಟಿಲಿಗೂ ‘ಪಡಗು, ಪಡಗು’ ಅನ್ನುತ್ತಿದ್ದಳು.

ಕಾರವಾರದ ನೌಕಾನೆಲೆಗೆ ಇಟ್ಟ ಹೆಸರು ಐಎನ್‌ಎಸ್ ಕದಂಬ. ಚಪಲ್ ನಿವೃತ್ತಿಯಾದ 2005ರ ಮೇ ತಿಂಗಳಲ್ಲೇ ಆ ನೆಲೆ ನೌಕಾಪಡೆಗೆ ಸೇರಿತು. ನರೇಂದ್ರ ನೋಡಿ ಹೋದವರಿಗೆ ಆ ಹೆಸರು ಬರೀ ಬೋರ್ಡ್ ಆಗಿ ಕಾಣುವುದಿಲ್ಲ.

ಇನ್ನೊಂದು ನಂಟು ಹತ್ತಿಯದು. ಇದು ನಮ್ಮ ಮನೆಯ ಕಥೆಯೂ ಹೌದು. ಅಪ್ಪ ಸಣ್ಣವರಿದ್ದಾಗ ಅಂಗಡಿಯ ಹಿರಿಯರು ನಮ್ಮ ಭಾಗದ ನಾಡಹತ್ತಿಗೆ ‘ಕುಮಟಾ’ ಅನ್ನುತ್ತಿದ್ದರಂತೆ. ಗದಗಿನ ಎರೆಹೊಲದಲ್ಲಿ ಬೆಳೆದದ್ದಕ್ಕೆ ಕಡಲ ದಂಡೆಯ ಊರಿನ ಹೆಸರು. ಕಾರಣ ಸರಳ. ರೈಲು ಇಲ್ಲದ ಕಾಲದಲ್ಲಿ ಧಾರವಾಡ ಸೀಮೆಯ ಅರಳೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಮಾಲು ಯಾವ ಬಂದರಿನಿಂದ ಬಂತೋ ಆ ಹೆಸರೇ ಪೇಟೆಯಲ್ಲಿ ಉಳಿಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಮ್ಯಾಂಚೆಸ್ಟರ್ ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನೇ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಬಂದರನ್ನು ನಮ್ಮ ಹತ್ತಿಗಾಗಿ ಬೆಳೆಸುವ ಆಸೆ ಅದರ ಹಿಂದೆ ಇತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ಮೇಲೆ ಗೋವಾದ ಮಾರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಹತ್ತಿ ಆ ಕಡೆ ತಿರುಗಿತು. ಕಾರವಾರ ಮಂಕಾಯಿತು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬೇಕು ಅಂತ ನಾವು ಇನ್ನೂ ಕೇಳುತ್ತಲೇ ಇದ್ದೇವೆ.

ಹೋಗುವ ದಾರಿ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರ. ಸ್ವಂತ ಗಾಡಿಯಲ್ಲಿ ನಾಲ್ಕು ತಾಸು ಹಿಡಿಯಿರಿ. ಬೆಳಿಗ್ಗೆ ಐದಕ್ಕೆ ಬಿಟ್ಟು ಯಲ್ಲಾಪುರದಲ್ಲಿ ತಿಂಡಿ ತಿನ್ನಿ. ಮಳೆಗಾಲ ಬೇಡ. ಘಟ್ಟದಲ್ಲಿ ರಸ್ತೆ ಕಾಣುವುದಿಲ್ಲ, ಸಮುದ್ರದ ಹತ್ತಿರವೂ ಹೋಗಲಾಗುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ನಡು ಮಧ್ಯಾಹ್ನ ಹಡಗು ಹತ್ತಬೇಡಿ, ಕಬ್ಬಿಣ ಕಾದಿರುತ್ತದೆ. ಆ ಹೊತ್ತಿಗೆ ಊಟ ಮುಗಿಸಿ. ಮೀನು ತಿನ್ನುವವರಾದರೆ ಕಾರವಾರದಲ್ಲಿ ಹೋಟೆಲ್ ಹುಡುಕುವ ಕೆಲಸವೇ ಇಲ್ಲ. ನಿಮ್ಮ ಜೊತೆ ವಯಸ್ಸಾದವರಿದ್ದರೆ ಹಡಗಿನ ಒಳಗಿನ ಕಡಿದಾದ ಏಣಿ ಹತ್ತಿಸಬೇಡಿ. ಅಪ್ಪನನ್ನು ನಾನು ಮೇಲೇ ಕೂರಿಸಿದ್ದೆ.

ವಾಪಸ್ ಬರುವಾಗ ಅರಬೈಲ್ ಘಟ್ಟದಲ್ಲಿ ನಮ್ಮ ಮುಂದೆ ಲಾರಿಗಳ ಸಾಲು ಇತ್ತು. ಕಾರು ಎರಡನೇ ಗೇರಿನಲ್ಲಿ ತೆವಳುತ್ತಿತ್ತು. ಮಗಳು, ‘ಅಜ್ಜಾ, ಎತ್ತು ಇದನ್ನ ಹೆಂಗ ಹತ್ತತಿದ್ವು?’ ಅಂದಳು. ಅಪ್ಪ ಕಿಟಕಿಯಾಚೆ ನೋಡುತ್ತ, ‘ಇಳಿಯೂದು ಇನ್ನಾ ಕಷ್ಟ, ತಂಗಿ. ಅಂಡಿಗಿ ತುಂಬಿದ ಗಾಡಿ ಹಿಂದಿಂದ ಎತ್ತನ್ನ ದಬ್ಬತೈತಿ’ ಅಂದರು. ಘಟ್ಟ ಮುಗಿಯುವವರೆಗೂ ಅವರಿಬ್ಬರದೂ ಅದೇ ಮಾತು ನಡೆದಿತ್ತು.