ಬ್ಯಾಟರಿಯ ಸಲ್ಫೇಟ್ ದ್ರಾವಣದಿಂದ ಕೋಬಾಲ್ಟ್ ಬೇರ್ಪಡಿಸಲು ಅಲಮೈನ್ 336 ಒಳ್ಳೆಯದೋ, ಅಲಿಕ್ವಾಟ್ 336 ಒಳ್ಳೆಯದೋ?

ಸಲ್ಫೇಟ್ ದ್ರಾವಣಕ್ಕಾದರೆ ಎರಡರಲ್ಲಿ ಯಾವುದನ್ನು ಕೊಂಡರೂ ಹಣ ದಂಡ. ಇವೆರಡೂ ಅಮೀನ್ ಬಳಗದ, ಅಂದರೆ ನೈಟ್ರೋಜನ್ ಇರುವ, ಎಣ್ಣೆಯಂತಹ ರಾಸಾಯನಿಕಗಳು; ಸೀಮೆಎಣ್ಣೆಯಲ್ಲಿ ಬೆರೆಸಿ ನೀರಿನ ದ್ರಾವಣದೊಡನೆ ಕುಲುಕಿ, ಲೋಹವನ್ನು ಎಣ್ಣೆಯ ಪದರಕ್ಕೆ ಎಳೆಯಲು ಬಳಸುತ್ತಾರೆ. ಹಳೆಯ ಲಿಥಿಯಂ ಬ್ಯಾಟರಿಯ ಪುಡಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಕೋಬಾಲ್ಟನ್ನು ನಿಕ್ಕಲ್‌ನಿಂದ ಬಿಡಿಸಲು ಅಮೀನ್ ಹುಡುಕುತ್ತ ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ಬಹುಪಾಲು ಕಳೆದುಹೋಯಿತು. ಆದ್ದರಿಂದ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕುಳಿತೆ.

ಅಮೋನಿಯಾ ಬಿದ್ದೊಡನೆ ತಾಮ್ರದ ದ್ರಾವಣ ಗಾಢ ನೀಲಿಯಾಗುವುದನ್ನು ಪಿಯುಸಿಯಿಂದಲೂ ನೋಡಿಕೊಂಡು ಬಂದಿದ್ದ ನಾನು, ಟ್ರೈಆಕ್ಟೈಲ್ ಅಮೀನಿನ (ಅಲಮೈನ್ ಇದೇ ಬಗೆಯದು) ನೈಟ್ರೋಜನ್ ಕೂಡ ಹಾಗೆಯೇ ಲೋಹದ ಅಯಾನನ್ನು ನೇರವಾಗಿ ಹಿಡಿದು ಸೀಮೆಎಣ್ಣೆಯ ಪದರಕ್ಕೆ ಎಳೆದುಕೊಳ್ಳುತ್ತದೆ ಎಂದು ನಂಬಿದ್ದೆ. ಹಾಗೆ ನಂಬಿದ್ದರಿಂದಲೇ ಬಾಟಲಿಯಿಂದ ತೆಗೆದ ಅಮೀನನ್ನು ಮೊದಲು ಆಮ್ಲದೊಡನೆ ಕುಲುಕಿ ಲವಣವಾಗಿಸದೆ, ನೇರವಾಗಿ ಸೀಮೆಎಣ್ಣೆಯಲ್ಲಿ ಬೆರೆಸಿ ಬ್ಯಾಟರಿ ದ್ರಾವಣದೊಂದಿಗೆ ಸೆಪರೇಟಿಂಗ್ ಫನಲ್‌ಗೆ ಹಾಕಿದೆ. ಅಮೀನ್ ಒಂದು ಪ್ರತ್ಯಾಮ್ಲ. ಅದು ನೀರಿನ ಪದರದಲ್ಲಿದ್ದ ಆಮ್ಲವನ್ನೇ ಮೊದಲು ನುಂಗಿತು. ಪಿಎಚ್ ಮೂರನ್ನು ದಾಟಿತು, ದ್ರಾವಣದಲ್ಲಿ ಕಲ್ಮಶವಾಗಿದ್ದ ಫೆರಿಕ್ ಕಬ್ಬಿಣ ಕರಗದ ಹೈಡ್ರಾಕ್ಸೈಡಾಗಿ ಬೇರ್ಪಟ್ಟು, ಎರಡು ಪದರಗಳ ನಡುವೆ ಕಂದು ಬಣ್ಣದ ಲೋಳೆಯಾಗಿ ನಿಂತಿತು. ಅದನ್ನು ಕೊಳೆಯೆಂದು ತಿಳಿದು ಸೋಸಿ ಎಸೆದೆ. ನೀರಿನ ಪದರವನ್ನಷ್ಟೇ ಲೋಹದ ಪ್ರಮಾಣ ಹೇಳುವ ಎಎಎಸ್ ಯಂತ್ರದಲ್ಲಿ ಅಳೆದು, ಆರಂಭದ ಪ್ರಮಾಣದಿಂದ ಉಳಿದದ್ದನ್ನು ಕಳೆದು, ವ್ಯತ್ಯಾಸವೆಲ್ಲ ಅಮೀನಿಗೆ ಹೋಯಿತೆಂದು ಬರೆದುಕೊಂಡೆ. ಕಬ್ಬಿಣ ಪೂರ್ತಿ ಹೋಗಿತ್ತು. ಆ ಲೋಳೆಗೆ ಅಂಟಿಕೊಂಡ ಸ್ವಲ್ಪ ಕೋಬಾಲ್ಟೂ ಕಾಣೆಯಾಗಿದ್ದರಿಂದ ದಾರಿ ಸರಿಯಿದೆಯೆಂಬ ಧೈರ್ಯ ಬಂದಿತ್ತು. ಸೆಮಿನಾರಿನಲ್ಲಿ ಗ್ರಾಫ್ ತೋರಿಸಿದ್ದೂ ಆಯಿತು. ಅಮೀನ್ ಪದರದಿಂದ ಲೋಹವನ್ನು ಮರಳಿ ನೀರಿಗೆ ಇಳಿಸಿ ತೋರಿಸು ಎಂದು ಮಾರ್ಗದರ್ಶಕರು ಹೇಳಿದಾಗ ಮಾತ್ರ, ಇಳಿಸಲು ಅಲ್ಲಿ ಏನೂ ಇರಲಿಲ್ಲವೆಂಬುದು ಗೊತ್ತಾಯಿತು. ಪ್ರಾಜೆಕ್ಟ್ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯಿತು.

ಆಮ್ಲದೊಡನೆ ಸೇರಿದ ಅಮೀನ್ ಧನಾವೇಶದ ಅಮೋನಿಯಂ ಲವಣವಾಗುತ್ತದೆ, ಮತ್ತು ತನ್ನ ಜೊತೆಗಿರುವ ಋಣ ಅಯಾನನ್ನು ಬಿಟ್ಟುಕೊಟ್ಟು ನೀರಿನಿಂದ ಇನ್ನೊಂದು ಋಣ ಅಯಾನನ್ನು ಪಡೆಯುತ್ತದೆ. ಲೋಹವು ಸುತ್ತಲಿನ ಋಣ ಅಯಾನುಗಳನ್ನು ಕಟ್ಟಿಕೊಂಡು ಋಣಾವೇಶದ ಸಂಕೀರ್ಣವಾಗಿ ಬಂದರೆ ಮಾತ್ರ ಅದಕ್ಕೆ ಪ್ರವೇಶ. ಯುರೇನಿಯಂ ಸಲ್ಫೇಟಿನೊಂದಿಗೆ ಅಂತಹ ಸಂಕೀರ್ಣವನ್ನು ಸುಲಭವಾಗಿ ಕಟ್ಟುತ್ತದೆ. 1950ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ರೂಪುಗೊಂಡ, ಅಮೀನಿನಿಂದ ಯುರೇನಿಯಂ ತೆಗೆಯುವ ಅಮೆಕ್ಸ್ ವಿಧಾನ ನಿಂತಿರುವುದೇ ಇದರ ಮೇಲೆ. ಸಲ್ಫೇಟ್ ಮಾಧ್ಯಮದಲ್ಲಿ ಅಮೀನ್ ಅದ್ಭುತವೆಂದು ನೀವು ಓದಿರುವುದು ಬಹುಶಃ ಯುರೇನಿಯಂ ಕುರಿತ ಮಾತು. ಕೋಬಾಲ್ಟ್ ಮತ್ತು ನಿಕ್ಕಲ್ ಅದೇ ಸಲ್ಫೇಟ್‌ನಲ್ಲಿ ಧನ ಅಯಾನುಗಳಾಗಿಯೇ ಉಳಿಯುತ್ತವೆ. ಅಮೀನಿನ ಬ್ರಾಂಡ್ ಬದಲಿಸಿದರೆ ಅದು ಬದಲಾಗದು.

ಆದ್ದರಿಂದ ನೀವು ಆರಿಸಬೇಕಾದದ್ದು ಅಮೀನನ್ನಲ್ಲ, ದ್ರಾವಣದಲ್ಲಿರುವ ಋಣ ಅಯಾನನ್ನು: ಸಲ್ಫೇಟೋ, ಕ್ಲೋರೈಡೋ ಎಂಬುದನ್ನು. ಕ್ಲೋರೈಡ್ ಹೆಚ್ಚಿರುವಲ್ಲಿ ಕೋಬಾಲ್ಟ್ ನಾಲ್ಕು ಕ್ಲೋರೈಡ್‌ಗಳನ್ನು ಸೇರಿಸಿಕೊಂಡು ಋಣ ಅಯಾನಾಗುತ್ತದೆ, ನಿಕ್ಕಲ್ ಆಗುವುದಿಲ್ಲ. ಸುಮಾರು 8 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುಲುಕಿ ಬಿಟ್ಟರೆ ಮೇಲಿನ ಸೀಮೆಎಣ್ಣೆಯ ಪದರ ಕಡುನೀಲಿಯಾಗುತ್ತದೆ, ಕೆಳಗೆ ನಿಕ್ಕಲ್‌ನ ಹಸಿರು ನಿಲ್ಲುತ್ತದೆ; ಆ ನೀಲಿಯನ್ನು ಬರೀ ನೀರಿನೊಂದಿಗೆ ಕುಲುಕಿದರೆ ಸಂಕೀರ್ಣ ಒಡೆದು ಕೋಬಾಲ್ಟ್ ಗುಲಾಬಿಯಾಗಿ ನೀರಿಗಿಳಿಯುತ್ತದೆ. (ಮೊದಲ ಸಲ ನೋಡಿದಾಗ ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದ್ದೆ.) ನಾರ್ವೆಯ ಕ್ರಿಸ್ಟಿಯಾನ್‌ಸಂಡ್ ನಿಕ್ಕಲ್ ಕಾರ್ಖಾನೆಯಲ್ಲಿ ಕೋಬಾಲ್ಟನ್ನು ಟ್ರೈಐಸೊಆಕ್ಟೈಲ್ ಅಮೀನಿನಿಂದ ತೆಗೆದದ್ದೂ ಕ್ಲೋರೈಡ್ ದ್ರಾವಣದಿಂದಲೇ. ಫೆರಿಕ್ ಕಬ್ಬಿಣ ಮತ್ತು ಸತು ಕೋಬಾಲ್ಟಿಗಿಂತ ಕಡಿಮೆ ಕ್ಲೋರೈಡ್‌ನಲ್ಲೇ ಅಮೀನಿಗೆ ಹತ್ತುತ್ತವೆ, ಅವನ್ನು ಮೊದಲೇ ತೆಗೆಯಿರಿ.

ಅಲಮೈನೋ ಅಲಿಕ್ವಾಟೋ ಎಂಬುದು ಇಷ್ಟಾದ ಮೇಲಿನ ಸಣ್ಣ ಮಾತು. ಅಲಿಕ್ವಾಟ್ ಚತುರ್ಥಕ ಲವಣ (ನೈಟ್ರೋಜನ್‌ಗೆ ನಾಲ್ಕು ಇಂಗಾಲದ ಗುಂಪುಗಳು ಅಂಟಿಕೊಂಡದ್ದು), ಅದರ ಧನಾವೇಶ ಯಾವ ಪಿಎಚ್‌ನಲ್ಲೂ ಹೋಗುವುದಿಲ್ಲ; ಅಲಮೈನನ್ನು ಕ್ಷಾರದಿಂದ ಆವೇಶರಹಿತ ಮಾಡಬಹುದು, ಹಿಡಿದದ್ದನ್ನು ಬಿಡಿಸಲು ಅದೊಂದು ಹೆಚ್ಚಿನ ದಾರಿ. ನಾನಾದರೆ ಅಲಮೈನ್ ಕೊಳ್ಳುತ್ತೇನೆ, ಜೊತೆಗೆ ಸ್ವಲ್ಪ ಐಸೊಡೆಕನಾಲ್ ಎಂಬ ಆಲ್ಕೋಹಾಲ್. ಅದಿಲ್ಲದಿದ್ದರೆ ಅಮೀನ್ ಲವಣ ಸೀಮೆಎಣ್ಣೆಯಲ್ಲಿ ಕರಗದೆ ಮೂರನೆಯ ಪದರವಾಗಿ ಬೇರ್ಪಡುತ್ತದೆ.

ಸಲ್ಫೇಟ್ ಬಿಡಲಾರೆ ಎಂದಾದರೆ ಅಮೀನನ್ನೇ ಬಿಟ್ಟು ಸಯಾನೆಕ್ಸ್ 272 ತರಿಸಿಕೊಳ್ಳಿ. ಅದು ಧನ ಅಯಾನನ್ನೇ ಹಿಡಿಯುವ ಫಾಸ್ಫಿನಿಕ್ ಆಮ್ಲ, ಪಿಎಚ್ ಐದರ ಆಸುಪಾಸಿನಲ್ಲಿ ಕೋಬಾಲ್ಟನ್ನು ನಿಕ್ಕಲ್‌ಗಿಂತ ಮೊದಲು ಎತ್ತುತ್ತದೆ. ಕ್ಲೋರೈಡ್ ದಾರಿಯನ್ನೇ ಹಿಡಿಯುವುದಾದರೆ, ಬ್ಯಾಟರಿಯ ಕೋಬಾಲ್ಟ್ ಆಕ್ಸೈಡ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವಾಗ ಕ್ಲೋರಿನ್ ಅನಿಲ ಹೊರಡುತ್ತದೆ, ಆ ಕೆಲಸವನ್ನು ಫ್ಯೂಮ್ ಹುಡ್‌ನ ಹೊರಗೆ ಮಾಡಲೇಬೇಡಿ.