ಡಿಸ್ಕ್ ಇಲ್ಲದ 20 ಮಷೀನಿಗೆ 20 ಇಟಿಸಿ ಬೇಕಾ?

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲದ 20 ಮಷೀನುಗಳಿವೆ. ಎಲ್ಲವೂ ಸರ್ವರಿನಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲು ಹಂಚುವ ವ್ಯವಸ್ಥೆ) ಮೂಲಕ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ಗೆ ಬೂಟ್ ಆಗುತ್ತವೆ. ಒಂದೊಂದಕ್ಕೂ ಬೇರೆ ರೂಟ್ ಡೈರೆಕ್ಟರಿ (ಸಿಸ್ಟಮ್ಮಿನ ಫೈಲುಗಳೆಲ್ಲ ಇರುವ ಮೂಲ ಡೈರೆಕ್ಟರಿ), ಅದರೊಳಗೆ ಬೇರೆ ಇಟಿಸಿ (ಸೆಟ್ಟಿಂಗ್ ಫೈಲುಗಳ ಡೈರೆಕ್ಟರಿ) ಇಟ್ಟಿದ್ದೇನೆ. ಒಂದು ಸಾಲು ಬದಲಿಸಬೇಕಾದರೂ 20 ಕಡೆ ತಿದ್ದಬೇಕು. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಅದೂ ಫ್ರೀಬಿಎಸ್‌ಡಿ ಒಳಗೇ ಇದೆ. ಒಂದೇ ರೂಟ್ ಇಡಿ, ಓದುವುದಕ್ಕೆ ಮಾತ್ರ ಬಿಡಿ. ಬೂಟ್ ಶುರುವಾದ ಕೂಡಲೇ 'ಆರ್‌ಸಿ ಡಾಟ್ ಇನಿಟ್‌ಡಿಸ್ಕ್‌ಲೆಸ್' ಸ್ಕ್ರಿಪ್ಟ್ ಓಡುತ್ತದೆ. ಅದು ಮೆಮೊರಿಯಲ್ಲಿ ಪುಟ್ಟ ಇಟಿಸಿ ಕಟ್ಟಿ, ರೂಟಿನಲ್ಲಿರುವ 'ಕಾನ್ಫ್' ಡೈರೆಕ್ಟರಿಯಿಂದ ಫೈಲುಗಳನ್ನು ತಂದು ತುಂಬುತ್ತದೆ. ಅದರೊಳಗಿನ ಡೈರೆಕ್ಟರಿಗಳ ಸರದಿ ಹೀಗೆ: ಮೊದಲು 'ಬೇಸ್', ಆಮೇಲೆ ಎಲ್ಲರಿಗೂ ಸೇರಿದ 'ಡಿಫಾಲ್ಟ್', ಆಮೇಲೆ ಸಬ್‌ನೆಟ್ಟಿನ (ನೆಟ್‌ವರ್ಕಿನ ಒಂದು ಭಾಗ) ಬ್ರಾಡ್‌ಕಾಸ್ಟ್ ವಿಳಾಸದ (ಅಲ್ಲಿನ ಎಲ್ಲ ಮಷೀನಿಗೂ ಒಟ್ಟಿಗೆ ತಲುಪುವ ವಿಳಾಸ) ಹೆಸರಿನದು, ಕೊನೆಗೆ ಆ ಮಷೀನಿನ ಐಪಿ ವಿಳಾಸದ ಹೆಸರಿನದು. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಆಮೇಲೆ ಬಂದದ್ದೇ ಉಳಿಯುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ಸ್ಕ್ರಿಪ್ಟ್ ಸಾಲುಗಳನ್ನು ಸೇರಿಸುವುದಿಲ್ಲ, ಇಡೀ ಫೈಲನ್ನೇ ಬದಲಿಸುತ್ತದೆ. ಐಪಿ ಡೈರೆಕ್ಟರಿಯಲ್ಲಿ ಎರಡೇ ಸಾಲಿನ 'ಆರ್‌ಸಿ ಡಾಟ್ ಕಾನ್ಫ್' (ಸಿಸ್ಟಮ್ಮಿನ ಮುಖ್ಯ ಸೆಟ್ಟಿಂಗ್ ಫೈಲ್) ಇಟ್ಟಿರೋ, ಡಿಫಾಲ್ಟ್‌ನಲ್ಲಿ ಬರೆದಿದ್ದೆಲ್ಲ ಹೋಯಿತು! ಅದಕ್ಕೇ ಸಾಮಾನ್ಯ ಸೆಟ್ಟಿಂಗ್ ಎಲ್ಲ ಡಿಫಾಲ್ಟ್‌ನ 'ಆರ್‌ಸಿ ಡಾಟ್ ಕಾನ್ಫ್'ನಲ್ಲಿರಲಿ, ಆ ಮಷೀನಿಗೆ ಮಾತ್ರ ಬೇಕಾದದ್ದು ಐಪಿ ಡೈರೆಕ್ಟರಿಯ 'ಆರ್‌ಸಿ ಡಾಟ್ ಕಾನ್ಫ್ ಡಾಟ್ ಲೋಕಲ್'ನಲ್ಲಿರಲಿ, ಯಾಕೆಂದರೆ ಸಿಸ್ಟಮ್ ಎರಡನ್ನೂ ಓದುತ್ತದೆ, ಲೋಕಲನ್ನು ಆಮೇಲೆ ಓದುತ್ತದೆ. ಹೀಗೆ ಮಾಡಿದರೆ ಎಷ್ಟೋ ಮಷೀನಿಗೆ ಐಪಿ ಡೈರೆಕ್ಟರಿಯೇ ಬೇಕಾಗುವುದಿಲ್ಲ.

ಬೇಸ್‌ನಲ್ಲಿ ಇಡೀ ಇಟಿಸಿಯ ಇನ್ನೊಂದು ನಕಲು ಬೇಡ. 'ಡಿಸ್ಕ್‌ಲೆಸ್ ರಿಮೌಂಟ್' ಎಂಬ ಫೈಲಿನಲ್ಲಿ ಇಟಿಸಿಯ ಪಾತ್ ಬರೆದರೆ ಸಾಕು, ಸ್ಕ್ರಿಪ್ಟ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಆ ಪುಟ್ಟ ಇಟಿಸಿ ಇರುವ ಮೆಮೊರಿ ಡಿಸ್ಕಿನ ಅಳತೆ 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿದೆ, 20480 ಅಂದರೆ 10 ಎಂಬಿ.

ಎನ್‌ಎಫ್‌ಎಸ್ ಓಡುತ್ತಿರುವ ನೆಟ್‌ವರ್ಕ್ ಕಾರ್ಡಿಗೆ 'ಆರ್‌ಸಿ ಡಾಟ್ ಕಾನ್ಫ್'ನಲ್ಲಿ ಮತ್ತೆ ಐಪಿ ಕೊಡಬೇಡಿ. ಕಾರ್ಡ್ ಒಂದು ಕ್ಷಣ ಬಿದ್ದರೂ ರೂಟ್ ಕೈತಪ್ಪಿ ಮಷೀನ್ ಅಲ್ಲೇ ನಿಂತುಬಿಡಬಹುದು. ಪಾಸ್‌ವರ್ಡ್ ಫೈಲ್ ಹಾಕುವುದಾದರೆ ಅದರ ಎರಡು ಡಿಬಿ (ಡೇಟಾಬೇಸ್) ಫೈಲುಗಳನ್ನೂ ಜೊತೆಗೇ ಹಾಕಿ, ಸುಮ್ನೆ 'ಮಾಸ್ಟರ್ ಡಾಟ್ ಪಾಸ್‌ವಡ್' ಒಂದನ್ನೇ ಇಟ್ಟರೆ ಲಾಗಿನ್ ಹಳೆಯ ಡಿಬಿಯನ್ನೇ ನೋಡುತ್ತದೆ. ಎಸ್‌ಎಸ್‌ಎಚ್ ಕೀಗಳು (ದೂರದಿಂದ ಲಾಗಿನ್ ಆಗುವಾಗ ಮಷೀನನ್ನು ಗುರುತಿಸುವ ಕೀಗಳು) ಐಪಿ ಡೈರೆಕ್ಟರಿಯಲ್ಲಿರಲಿ, ಇಲ್ಲದಿದ್ದರೆ ಪ್ರತಿ ಬೂಟಿಗೂ ಹೊಸ ಕೀ ಹುಟ್ಟುತ್ತದೆ. ಆದರೆ ಸರ್ವರ್ ಎನ್‌ಎಫ್‌ಎಸ್‌ನಲ್ಲಿ ಹಂಚುವ ಆ ಡೈರೆಕ್ಟರಿ (ಎಕ್ಸ್‌ಪೋರ್ಟ್) ಲ್ಯಾಬಿನ ಸಬ್‌ನೆಟ್ಟಿಗೆ ಮಾತ್ರ ಸಿಗುವಂತೆ ಇರಲಿ.